ಬಣ್ಣ ಕಳೆದ ಗಿಲಕಿ

ನನ್ನ ಮೇಜಿನ ಮೇಲೆ, ಮಸಿಕುಡಿಕೆಗೂ ಕನ್ನಡಕದ ಡಬ್ಬಿಗೂ ನಡುವೆ, ಒಂದು ಮರದ ಗಿಲಕಿ ಇದೆ. ಚನ್ನಪಟ್ಟಣದಲ್ಲಿ ಗಿಲಕಿ ಇರುವುದೇನೂ ಸೋಜಿಗವಲ್ಲ. ಆದರೆ ತೊಟ್ಟಿಲನ್ನೇ ಕಾಣದ ಈ ಮನೆಯಲ್ಲಿ, ಅದೂ ಊರಿನ ಉಳಿದ ಆಟಿಕೆಗಳಂತೆ ಥಳಥಳಿಸದೆ ಬೋಳು ಮರವಾಗಿ, ಒಂದು ಗಿಲಕಿ ವಿಜ್ಞಾನದ ಮೇಷ್ಟರ ಮೇಜಿಗೆ ಬಂದು ಕೂತಿರುವುದನ್ನು ಕಂಡವರು, ಒಂದು ಸಲ ಅದನ್ನೂ ಒಂದು ಸಲ ನನ್ನ ಮುಖವನ್ನೂ ನೋಡುತ್ತಾರೆ. ಅವರ ಮನಸ್ಸಿನಲ್ಲಿ ಏಳುವ ಅನುಮಾನ ನನಗೆ ತಿಳಿಯದ್ದಲ್ಲ. ಆ ವಿಷಯದಲ್ಲಿ ನನ್ನದು ಪಳಗಿದ ಕೈ, ಓದುಗ ಮಿತ್ರರೇ.

ನಾನು ಹುಟ್ಟಿನಿಂದಲೇ ಸಂಶಯದ ಪ್ರಾಣಿ. ಮಾಗಡಿಯಲ್ಲಿ ನಮ್ಮಮ್ಮ ಹಾಲಿನವಳ ಎದುರಿಗೇ ಹಾಲಿನ ತೊಟ್ಟೊಂದನ್ನು ಉಗುರಿನ ಮೇಲೆ ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ಎಂದು ನೋಡುತ್ತಿದ್ದಳು. ನನ್ನ ವಿಜ್ಞಾನ ಆ ಉಗುರಿನಿಂದಲೇ ಬಂದಿರಬೇಕು. ರೈಲು ನಿಂತು, ಫಲಕದಲ್ಲಿ ಊರಿನ ಹೆಸರು ಓದಿದ ಮೇಲೂ ಪಕ್ಕದವರನ್ನು ಒಂದು ಮಾತು ಕೇಳಿಯೇ ಇಳಿಯುವವನು ನಾನು. ಹುಡುಗರು ನಮಸ್ಕಾರ ಮಾಡಿದರೆ ಪ್ರತಿನಮಸ್ಕಾರಕ್ಕಿಂತ ಮೊದಲು, ಇವತ್ತು ಇವರು ಏನು ಒಡೆದಿದ್ದಾರೆ ಎಂಬ ಯೋಚನೆ ಬರುತ್ತದೆ. ನಂಬಿಕೆ ದೊಡ್ಡ ಗುಣವೆಂದು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಸಂಶಯ ಇಲ್ಲದಿದ್ದರೆ ನನ್ನಂಥ ಮೇಷ್ಟರಿಗೆ ಕಲಿಸಲು ಏನಿರುತ್ತಿತ್ತು?

ಇಂಥ ನನ್ನ ಬಳಿಗೆ, ನಮ್ಮ ಹೈಸ್ಕೂಲಿನ ಹೈದರ್ ಎಂಬ ಹುಡುಗ ಸಂಜೆ ಸಂಜೆ ಬರತೊಡಗಿದ. ಹೈದರ್ ಅವನ ನಿಜವಾದ ಹೆಸರಲ್ಲ. ನಿಜ ಹೆಸರನ್ನು ಮರೆಮಾಡಿದ್ದೇಕೆಂದು ಮುಂದೆ ನಿಮಗೇ ತಿಳಿದೀತು. ಅವನ ತಂದೆ ಆಲೆ ಎಂಬ ಮೆದುಮರವನ್ನು ತಿರುಗುವ ಯಂತ್ರದಲ್ಲಿ ಕಡೆದು, ಅರಗಿನ ಬಣ್ಣ ಹಿಡಿಸಿ ಆಟಿಕೆ ಮಾಡುವವನು. ಪರೀಕ್ಷೆ ದೂರವಿದ್ದಾಗ ಪಾಠ ಕೇಳಿಕೊಂಡು ಬರುವ ವಿದ್ಯಾರ್ಥಿಯನ್ನು ನಾನು ಹೇಗೆ ನಂಬಲಿ? ಮೊದಲ ಸಂಜೆ, ಅರಗು ಎಂಜಲಿನಲ್ಲಿ ಕರಗುತ್ತದೆಯೇ ಎಂದು ಕೇಳಿದ. ಪ್ರಶ್ನೆ ವಿಚಿತ್ರವೆನಿಸಿತು, ಆದರೂ ಉತ್ತರ ಹೇಳಿದೆ. ಮರುದಿನ, ಬಣ್ಣಗಳಲ್ಲಿ ವಿಷದ ಬಣ್ಣ ಯಾವುದು ಎಂದ. ನಾನು ಅವನ ಕಣ್ಣನ್ನೇ ನೋಡುತ್ತ ಅರದಾಳ ಎಂದೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ, ಹೊನ್ನಿನಂತೆ ಹೊಳೆಯುವ ಆ ಹಳದಿ ಕಲ್ಲಿನೊಳಗೆ ಪಾಷಾಣ ಇರುತ್ತದೆ. ಹುಡುಗನ ಮುಖ ಇಳಿದುಹೋಯಿತು. ಮೂರನೆಯ ಸಲ ಬಂದವನು ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಪಾಷಾಣ ದಿನಾ ಒಸಿ ಒಸಿ ಹೊಟ್ಟೆಗೆ ಹೋದ್ರೆ ಏನಾಯ್ತದೆ?" ಎಂದು ಕೇಳಿದ.

ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ ಕಾಣೆ. ನಾನಂತೂ ಅಷ್ಟು ಹೊತ್ತಿಗೆ ಮನಸ್ಸಿನಲ್ಲೇ ಒಂದು ಕೊಲೆ ಮುಗಿಸಿ, ಅಮಲ್ದಾರರ ಮುಂದೆ ಸಾಕ್ಷಿಗೂ ನಿಂತಾಗಿತ್ತು. "ಲೋ, ಯಾರಿಗೆ ಹಾಕಬೇಕೂಂತ ಇದ್ದೀಯೋ?" ಎಂದು ಗದರಿಬಿಟ್ಟೆ.

ಹುಡುಗ ಒಳಗೆ ಬಂದು ಕೂತ. ಕೋಟಿನೊಳಗೆ ಕೈಹಾಕಿ ಒಂದು ಗಿಲಕಿ ತೆಗೆದು ನನ್ನ ಮುಂದಿಟ್ಟ. ಅಂಥ ಹಳದಿಯನ್ನು ನಾನು ಬಣ್ಣದ ಈ ಊರಿನಲ್ಲೂ ಕಂಡಿರಲಿಲ್ಲ. ಹಿಡಿಯ ತುದಿಯಲ್ಲಿ ಮಾತ್ರ ಬಣ್ಣ ಸವೆದು ಮರ ಕಾಣುತ್ತಿತ್ತು.

"ನನ್ ತಂಗಿದು ಮೇಷ್ಟ್ರೇ. ಹೊತ್ತಾರೆಯಿಂದ ಇದನ್ನ ಕಚ್ಕೊಂಡೇ ಇರ್ತಾಳೆ. ತೆವಳೋದೇ ಬುಟ್ಬುಟ್ಟವ್ಳೆ. ಕುಡ್ದಿದ್ದೆಲ್ಲ ಕಕ್ತಾಳೆ. ಪಕ್ಕದೂರು ಕ್ಲೋಸ್‌ಪೇಟೆ ಡಾಕ್ಟ್ರು ಹಲ್ಲು ಬರೋ ಕಾಲ ಅಂದ್ರು. ನಂಗೆ ಇದರ ಮ್ಯಾಗೇ ಅನುಮಾನ ಐತೆ."

"ಮೊದಲೇ ಹೇಳೋಕೆ ಏನಾಗಿತ್ತಪ್ಪ ನಿನಗೆ?"

"ಹೆಂಗೆ ಹೇಳ್ಲಿ ಮೇಷ್ಟ್ರೇ? ಚನ್ನಪಟ್ಟಣದ ಬಣ್ಣದಾಗೆ ಪಾಷಾಣ ಐತೆ ಅಂತ ಒಬ್ರ ಬಾಯಲ್ಲಿ ಬಂದ್ರೆ, ನಮ್ ಬೀದೀಲಿ ಒಬ್ರ ಮನೇಲೂ ಒಲೆ ಉರಿಯಾಕಿಲ್ಲ. ಸುಳ್ಳಾದ್ರೆ ಅಬ್ಬಾಗೆ ಸುಮ್ಮನೆ ಕೆಟ್ಟ ಹೆಸ್ರು. ದಿಟವಾದ್ರೆ..." ಎಂದವನು ಗಿಲಕಿಯನ್ನು ನನ್ನ ಕಡೆಗೆ ಇನ್ನಷ್ಟು ತಳ್ಳಿದ.

ಇದ್ದಿಲಿನ ಕೆಂಡದ ಮೇಲೆ ಪಾಷಾಣ ಬಿದ್ದರೆ ಬೆಳ್ಳುಳ್ಳಿಯ ವಾಸನೆ ಏಳುತ್ತದೆ. ಪಾಠಶಾಲೆಯಲ್ಲಿ ಮಾಡಿದರೆ ನಾಲ್ಕು ಜನ ಕೇಳುತ್ತಾರೆಂದು, ನಮ್ಮ ಮನೆಯ ಹಿತ್ತಲಿನಲ್ಲೇ, ಗಾಳಿಗೆ ಬೆನ್ನುಕೊಟ್ಟು ಕೂತು, ಗಿಲಕಿಯಿಂದ ಚಿಟಿಕೆಯಷ್ಟು ಬಣ್ಣ ಹೆರೆದು ಕೆಂಡಕ್ಕೆ ಉದುರಿಸಿದೆವು. ಮೊದಲು ಅರಗು ಸುಟ್ಟ ಕಮಟು, ಹಿಂದೆಯೇ ಗಂಧಕದ ಘಾಟು. ಆಮೇಲೆ ಬಂದದ್ದನ್ನು ನನ್ನ ಮೂಗು ಗುರುತಿಸಿತೋ, ಹೆದರಿಕೆಯೇ ಹಾಗೆ ತೋರಿಸಿತೋ ಎಂದು ನಾನು ಎಂದಿನಂತೆ ಅನುಮಾನಿಸುತ್ತ ಕೂತಿದ್ದಾಗ, ನಮ್ಮ ಮನೆಯಾಕೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ ನಮ್ಮದು.

"ಏನ್ರೀ ಇದು, ಹಿತ್ತಲಲ್ಲಿ ಬೆಳ್ಳುಳ್ಳಿ ವಾಸನೆ! ನನಗೆ ಗೊತ್ತಿಲ್ಲದ ಹಾಗೆ ಏನು ಸುಟ್ಟುಕೊಂಡು ತಿಂತಿದ್ದೀರಿ?"

ಅವಳ ಅನುಮಾನ ನನ್ನ ಅನುಮಾನವನ್ನು ನಿಜ ಮಾಡಿತು. ಹೈದರ್ ಮುಖ ಮುಚ್ಚಿಕೊಂಡ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಹುಡುಗ ಎದ್ದು ಓಡಿಹೋಗಿ ತಂದೆಯ ಅಂಗಡಿಯಿಂದ ಎರಡು ಹಳದಿ ಬುಗುರಿ ತಂದ. ಮಾರುವ ಸಾಮಾನೂ ಹೀಗೆಯೇ ಇದ್ದರೆ ಊರೂರಿನ ಮಕ್ಕಳ ಗತಿ ಏನು ಎಂಬ ಭಯ ಅವನದು. ಒಂದರ ಬಣ್ಣ ಸುಟ್ಟೆವು. ಅರಗಿನ ಕಮಟಿನ ಹೊರತು ಏನೂ ಇಲ್ಲ. ಇನ್ನೊಂದರದನ್ನೂ ಸುಟ್ಟೆವು, ಅದೂ ಹಾಗೆಯೇ. ಹುಡುಗ ಸಮಾಧಾನದ ಉಸಿರು ಬಿಟ್ಟ; ನನಗೆ ಮಾತ್ರ ಹೊಸ ಅನುಮಾನ ಹುಟ್ಟಿತು. ಊರ ಮಕ್ಕಳಿಗೆಲ್ಲ ಒಳ್ಳೆಯ ಬಣ್ಣ, ಸ್ವಂತ ಮಗಳಿಗೆ ಮಾತ್ರ ಪಾಷಾಣ! ಹೆಣ್ಣುಮಗುವನ್ನು ಹೊರೆಯೆಂದು ಬಗೆಯುವ ತಂದೆಯರ ಕಥೆಗಳನ್ನು ಕೇಳಿದ್ದ ನನ್ನ ತಲೆ, ಯಾವ ತಲೆಯೂ ಹೋಗಬಾರದ ಕಡೆಗೆ ಹೋಯಿತು. ಹುಡುಗನಿಗೆ ಒಂದು ಮಾತೂ ಹೇಳದೆ, ಅವನನ್ನು ಕರೆದುಕೊಂಡು ಅವರ ಬೀದಿಗೆ ನಡೆದೆ.

ತಂದೆ ಕಡೆಯುತ್ತಿದ್ದ ಮರವನ್ನು ಬಿಟ್ಟು, ಗಾಬರಿಯಿಂದ ಎದ್ದು ನಿಂತ. ಜಗಲಿಯ ಮೇಲೆ ಆ ಮಗು ಕೂಗುವ ಶಕ್ತಿಯೂ ಇಲ್ಲದೆ ಮಲಗಿತ್ತು. ನಾನು ಗಿಲಕಿಯನ್ನು ಅವನೆದುರು ಹಿಡಿದು, ಇದಕ್ಕೆ ಏನು ಹಾಕಿದ್ದೀಯೆಂದು ಕೇಳಿದೆ. ಅವನ ಮುಖದಲ್ಲಿ ಗಾಬರಿ ಹೋಗಿ ಹೆಮ್ಮೆ ಅರಳಿತು. ಆ ಹೆಮ್ಮೆಯನ್ನು ನಾನು ಇಂದಿಗೂ ಮರೆಯಲಾರೆ.

"ಅರದಾಳ ಸ್ವಾಮಿ. ಅಂಗಡಿ ಮಾಲಿಗೆಲ್ಲ ಬರೀ ಅರಿಸಿನ. ಅದು ಬಿಸಿಲಿಗೆ ಬಣ್ಣ ಬುಟ್ಬುಡ್ತದೆ. ಇದು ನನ್ ಮಗಳದು ಅಲ್ವರಾ? ಹುಡುಕ್ಕೊಂಡು ಹೋಗಿ ಒಳ್ಳೇ ಮಾಲು ತಂದು ಹಾಕಿದ್ದು."

ಹೈದರ್ ತಂದೆಯ ಕೈಹಿಡಿದು ಒಳಗೆ ಕರೆದುಕೊಂಡುಹೋದ. ಒಳಗೆ ಏನು ಹೇಳಿದನೋ ನಾನು ಕೇಳಲಿಲ್ಲ. ಕೇಳಿಸಿದ್ದು ಒಬ್ಬ ದೊಡ್ಡ ಗಂಡಸು ಅಳುವ ಸದ್ದು ಮಾತ್ರ.

ಗಿಲಕಿ ತಪ್ಪಿದ ಮೇಲೆ ಮಗು ನಿಧಾನವಾಗಿ ಚೇತರಿಸಿಕೊಂಡಿತು. ತಂದೆ ಆ ಗಿಲಕಿಯನ್ನು ಮತ್ತೆ ಯಂತ್ರಕ್ಕೇರಿಸಿ, ಬಣ್ಣದ ಕೆಳಗಿನ ಮರವೂ ಒಂದು ಪದರ ಹೋಗುವಂತೆ ಹೆರೆದು, ನನ್ನ ಮನೆಗೆ ತಂದುಕೊಟ್ಟ. ಮನೆಯಲ್ಲಿಟ್ಟುಕೊಳ್ಳಲು ಅವನಿಂದ ಆಗಲಿಲ್ಲ, ಒಲೆಗೆ ಹಾಕಲೂ ಆಗಲಿಲ್ಲ. ಅಂದಿನಿಂದ ಅದು ನನ್ನ ಮೇಜಿನ ಮೇಲಿದೆ. ದ್ವೇಷವನ್ನೂ ಲೋಭವನ್ನೂ ಸಂಶಯಿಸಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನೂ ಕೆಂಡಕ್ಕೆ ಹಾಕಿ ನೋಡಬೇಕಾದೀತೆಂದು ಆ ಹುಡುಗನಿಂದ ಕಲಿತೆ. ನನ್ನ ಸಂಶಯ ಮನುಷ್ಯರ ಮೇಲೆ ಬೀಳುತ್ತಿತ್ತು, ಅವನದು ಬಣ್ಣದ ಮೇಲೆ. ಮಗು ಉಳಿದದ್ದು ಅವನ ಸಂಶಯದಿಂದ.

ಮೊನ್ನೆ ಹೈದರ್ ತನ್ನ ತಂಗಿಯನ್ನು ಕರೆದುಕೊಂಡು ಬಂದಿದ್ದ. ಈಗ ಅವಳ ಕಂಕುಳಲ್ಲೊಂದು ಕೂಸು. ನಾವು ಮಾತಿನಲ್ಲಿದ್ದಾಗ ಆ ಕೂಸು ಮೇಜಿನ ಗಿಲಕಿಯನ್ನು ಎಳೆದುಕೊಂಡು ನೇರ ಬಾಯಿಗಿಟ್ಟಿತು. ಹೈದರನ ಕೈಯೂ ನನ್ನ ಕೈಯೂ ಒಟ್ಟಿಗೇ ಮುಂದೆ ಚಾಚಿ, ಒಟ್ಟಿಗೇ ನಿಂತವು.

ತಾಯಿ ನಕ್ಕಳು. "ಬುಡಿ ಸ್ವಾಮಿ, ಬರೀ ಮರ ಅಲ್ವಾ? ಯಾರು ಮಾಡಿದ್ದು ಇದು? ಬಣ್ಣಾನೇ ಹಾಕಿಲ್ವಲ್ಲ."

ಹೈದರ್ ನನ್ನ ಮುಖ ನೋಡಿದ. ಅವರ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು; ತಂಗಿಗೆ ಆ ಕಥೆಯನ್ನು ಯಾರೂ ಹೇಳಿರಲಿಲ್ಲ.

"ನಿಮ್ಮಪ್ಪನೇ ಮಾಡಿದ್ದು ಕಣಮ್ಮ, ನಿನಗೇ ಅಂತ," ಎಂದೆ. ಕೂಸು ಗಿಲಕಿಯನ್ನು ಮತ್ತೆ ಬಾಯಿಗಿಟ್ಟುಕೊಂಡಿತು.