ನಮ್ಮ ಹೊಸ್ತಿಲಿಗೆ ಗುರಿಯಿಟ್ಟ ಟ್ಯಾಂಕು

ನಮ್ಮ ಮನೆಯ ಮುಂಬಾಗಿಲು ತೆರೆದರೆ ಎದುರಿಗೆ ಕಾಣುವುದು ಯುದ್ಧದ ಟ್ಯಾಂಕು. ಅದರ ತೋಪಿನ ಮೂತಿ ನೆಟ್ಟಗೆ ನಮ್ಮ ಹೊಸ್ತಿಲಿಗೇ ಗುರಿಯಿಟ್ಟುಕೊಂಡಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಹಾಲು ತರಲು ಅಂಗಡಿಗೆ ಹೋಗುವ ಹಾಗಿಲ್ಲ. ಚಿಂತಾಮಣಿಗೆ ಹೋಗುವ ಬಸ್ಸೂ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸೂ ನಿಲ್ಲುವ, ನಿಂತರೆ ಬೇಗ ಹೊರಡದ ಒಂದು ಊರು ಎಂದುಕೊಳ್ಳಿ, ಸಾಕು.

ಟ್ಯಾಂಕನ್ನು ತರಿಸಿದವರು ಬೇರೆ ಯಾರೂ ಅಲ್ಲ, ನಮ್ಮಪ್ಪ. ಸೈನ್ಯದಲ್ಲಿ ಟ್ಯಾಂಕ್ ಡ್ರೈವರ್ ಆಗಿದ್ದವರು. ರಿಟೈರಾಗಿ ಬಂದು ದ್ರಾಕ್ಷಿ ತೋಟ ಮಾಡಿದರು, ಮೊಣಕಾಲು ಕೈಕೊಟ್ಟ ಮೇಲೆ ತೋಟವನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಜಗಲಿ ಹಿಡಿದರು. ಸುಮ್ಮನೆ ಕೂತ ಮನುಷ್ಯನಿಗೆ ಏನಾದರೂ ಒಂದು ಹುಚ್ಚು ಹತ್ತಲೇಬೇಕಲ್ಲ. ಬೇರೆಯವರ ಅಪ್ಪಂದಿರು ತೀರ್ಥಯಾತ್ರೆ ಎಂದರು, ನಮ್ಮಪ್ಪ ಊರಿನ ಸರ್ಕಲ್ಲಿಗೆ ಒಂದು ಟ್ಯಾಂಕು ಬೇಕು ಎಂದರು. ನಾನು ಶಿಡ್ಲಘಟ್ಟದಲ್ಲಿ ಬ್ಯಾಂಕಿನ ಕೆಲಸದವಳು, ಗಂಡ ಮಕ್ಕಳ ಜೊತೆ ಅದೇ ಮನೆಯ ಮಹಡಿಯಲ್ಲಿ ನನ್ನ ಸಂಸಾರ. ಹಾಗಾಗಿ ಈ ಹುಚ್ಚಿನ ಒಂದು ದಿನವನ್ನೂ ತಪ್ಪಿಸಿಕೊಳ್ಳುವ ಭಾಗ್ಯ ನನಗಿರಲಿಲ್ಲ.

"ಟ್ಯಾಂಕಿಗೂ ರಿಟೈರ್‌ಮೆಂಟ್ ಐತೆ ಕಣಮ್ಮ," ಎನ್ನುತ್ತಿದ್ದರು ಅಪ್ಪ. "ಎಂಜಿನ್ ಕಿತ್ಕೊಂಡು, ತೋಪಿನ ಒಳಗಿಂದೆಲ್ಲ ಬಿಚ್ಕೊಂಡು, ಖಾಲಿ ಡಬ್ಬ ಮಾಡ್ತಾರೆ. ಆಮೇಲೆ ಕತ್ತರಿಸಿ ಗುಜರಿಗೆ ಹಾಕ್ತಾರೆ. ಪುಣ್ಯ ಮಾಡಿದ್ದು ಯಾವ್ದಾದ್ರೂ ಕಾಲೇಜಿನ ಮುಂದೆ, ಸರ್ಕಲ್ನಲ್ಲಿ ನಿಂತ್ಕೋತದೆ."

ಪುರಸಭೆ, ಮಾಜಿ ಸೈನಿಕರ ಸಂಘ, ಇನ್ನೂ ಯಾವ್ಯಾವುದೋ ಕಚೇರಿ ಎಂದು ವರ್ಷಗಟ್ಟಲೆ ಅಲೆದ ಮೇಲೆ ಪುಣ್ಯ ಮಾಡಿದ್ದೊಂದು ನಮ್ಮೂರಿಗೆ ಬಂದೇ ಬಂತು. ಅಮ್ಮ ಆಗ ಗೌರಿಬಿದನೂರಿನ ತನ್ನ ತಂಗಿಯ ಮನೆಗೆ ಹೋಗಿದ್ದಳು. ಎಲ್ಲ ಅನಾಹುತಕ್ಕೂ ಅದೇ ಕಾರಣ ಎಂದು ನಾನು ಈಗಲೂ ನಂಬಿದ್ದೇನೆ.

ಉದ್ದನೆಯ ಲಾರಿಯಿಂದ ಕ್ರೇನು ಟ್ಯಾಂಕನ್ನು ಎತ್ತಿತು. ಸರ್ಕಲ್ಲಿನ ಕಟ್ಟೆಯ ಮೇಲೆ ಇಳಿಸುವ ಹೊತ್ತಿಗೆ ದೇವಸ್ಥಾನದ ಅರ್ಚಕರು ಓಡಿ ಬಂದರು. ತೋಪಿನ ಮೂತಿ ಗುಡಿಯ ಕಡೆ ಇದ್ದರೆ ದೇವರಿಗೇ ಗುರಿಯಿಟ್ಟ ಹಾಗಾಗುತ್ತದೆ ಎಂದರು. ಸರಿ, ತಿರುಗಿಸಿದರು. ಅದು ಮುರುಗಮಲ್ಲದ ರಸ್ತೆ, ದರ್ಗಾಕ್ಕೆ ಹೋಗುವ ಜನ ಓಡಾಡುತ್ತಾರೆ, ಬೇಡವೇ ಬೇಡ ಎಂದರು ಆಟೋದವರು. ಇನ್ನಷ್ಟು ತಿರುಗಿತು. ಅದು ಕೈವಾರದ ರಸ್ತೆ, ಅಲ್ಲೂ ಭಕ್ತರೇ. ಪೊಲೀಸ್ ಸ್ಟೇಷನ್ನಿನ ಕಡೆ ಇಡುವ ಮಾತನ್ನು ಯಾರೂ ಆಡಲೇ ಇಲ್ಲ. ಕೌನ್ಸಿಲರ್ ಅವರು ತಮ್ಮ ಆಫೀಸಿನ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. ವೈನ್ ಶಾಪಿನ ಕಡೆ ಇಡಿ ಎಂದು ಹೂ ಮಾರುವ ಹೆಂಗಸರು ಕೂಗಿದರು. ನನಗೆ ಅದು ಬಹಳ ಸರಿಯೆನಿಸಿತು, ಆದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ಯಾಂಕು ಗಾಳಿಯಲ್ಲಿ ಗಿರಗಿರನೆ ತಿರುಗುತ್ತ, ಊರಲ್ಲಿ ಹೆಣ್ಣು ಕೊಡುವವರಿಲ್ಲದ ಗಂಡಿನ ಹಾಗೆ ಎಲ್ಲ ಮನೆಯ ಕಡೆಯೂ ನೋಡಿತು.

"ಬೇಗ ಹೇಳ್ರಪ್ಪೋ, ಎಷ್ಟೊತ್ತು ಹಿಡ್ಕೊಂಡಿರ್ಲಿ!" ಎಂದು ಕ್ರೇನಿನವನು ಬೊಬ್ಬೆ ಹೊಡೆದ.

ಆಗ ನಮ್ಮಪ್ಪ ಎದೆಯುಬ್ಬಿಸಿ ಮುಂದೆ ಬಂದರು. "ನಮ್ಮನೆ ಕಡೆ ಮಾಡಿ ಇಡ್ರಪ್ಪ. ಮಿಲ್ಟ್ರಿ ಮನೆ ಅದು. ನಮಗೇನ್ ಭಯ?"

ಜನ ಚಪ್ಪಾಳೆ ತಟ್ಟಿದರು. ಕೌನ್ಸಿಲರ್ ಹಾರ ಹಾಕಿದರು. ಅಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ, ಆ ಮಿಲ್ಟ್ರಿ ಮನೆಯಲ್ಲಿ ಇನ್ನೊಬ್ಬರೂ ಇದ್ದಾರೆ ಎನ್ನುವುದನ್ನು ಒಂದು ಹಾರಕ್ಕೆ ಮರೆತುಬಿಟ್ಟರು.

ಮಾರನೆಯ ದಿನ ಅಮ್ಮ ಬಸ್ಸಿಳಿದಳು. ಅವಳ ತವರು ಆಂಧ್ರದ ಗಡಿಯಲ್ಲಿ, ಹಾಗಾಗಿ ಕೋಪ ಬಂದರೆ ಕನ್ನಡ ಹಿಂದೆ ಸರಿದು ತೆಲುಗು ಮುಂದೆ ಬರುತ್ತದೆ. ಬ್ಯಾಗನ್ನು ನೆಲಕ್ಕಿಟ್ಟು ತೋಪಿನ ಮೂತಿ ನೋಡಿದಳು, ಅದರ ನೇರಕ್ಕೆ ಬಾಗಿಲು ನೋಡಿದಳು. "ಇಂಟಿ ಮೀದಿಕಿ ಫಿರಂಗಿ ಪೆಟ್ಟಿನಾರಾ?" ಎಂದಳು. ಮನೆಗೇ ಫಿರಂಗಿ ಇಟ್ಟಿರಾ ಎಂದು. ನಮ್ಮ ಕಡೆ ಬೀದಿ ನೇರವಾಗಿ ಬಂದು ಬಾಗಿಲಿಗೆ ಬಡಿದರೇ ದೋಷ ಎನ್ನುತ್ತಾರೆ. ಅದಕ್ಕೆ ಗಣಪತಿ ಕೂರಿಸುತ್ತಾರೆ, ದೃಷ್ಟಿ ಬೊಂಬೆ ಕಟ್ಟುತ್ತಾರೆ. ತೋಪು ಬಂದು ಬಡಿದರೆ ಏನು ಕಟ್ಟಬೇಕು ಎಂದು ಯಾವ ಪುರೋಹಿತರಿಗೂ ಗೊತ್ತಿರಲಿಲ್ಲ. ಅಮ್ಮ ಬಾಗಿಲ ಮೇಲೆ ಒಂದು ದೊಡ್ಡ ಬೂದುಗುಂಬಳ ಕಟ್ಟಿಸಿ ಒಳಗಿನಿಂದ ಅಗುಳಿ ಹಾಕಿದಳು.

"ಆ ಮೂತಿ ತಿರುಗೋ ತನಕ ನಾನು ಈ ಬಾಗಿಲಲ್ಲಿ ಕಾಲಿಡಲ್ಲ."

ಇಡಲಿಲ್ಲ. ಅವತ್ತಿನಿಂದ ನಮ್ಮ ಮನೆಯ ವ್ಯವಹಾರವೆಲ್ಲ ಹಿತ್ತಿಲ ಬಾಗಿಲಿನಲ್ಲಿ ನಡೆಯಿತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ರಂಗೋಲಿ. ನೆಂಟರು ಬಂದರೆ ಒಣಹಾಕಿದ ಸೀರೆ, ಬನಿಯನ್ನುಗಳ ಕೆಳಗೆ ತಲೆ ತಗ್ಗಿಸಿಕೊಂಡು ಒಳಗೆ ಬರಬೇಕು. ಅಪ್ಪನ ಗೆಳೆಯರು ಬಚ್ಚಲ ಪಕ್ಕ ಹಾದು ಬಂದು, ದೇಶದ ರಕ್ಷಣೆಯ ಬಗ್ಗೆ ಮಾತಾಡಿ, ಮತ್ತೆ ಬಚ್ಚಲ ಪಕ್ಕವೇ ಹಾದು ಹೋಗುತ್ತಿದ್ದರು.

ಟ್ಯಾಂಕಿನ ಸ್ಥಿತಿಯೂ ಅಷ್ಟಕ್ಕಷ್ಟೇ. ಅದರ ಹೊಟ್ಟೆಯ ಕೆಳಗೆ ಊರಿನ ನಾಯಿಗಳು ಮನೆ ಮಾಡಿದವು. ಹೋಟೆಲಿನವರು ತೋಪಿನ ಮೇಲೆ ಟವೆಲ್ಲು ಒಣಹಾಕಿದರು. ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲು ಅದಕ್ಕಿಂತ ಗಟ್ಟಿಯಾದ ಕಂಬ ತಾಲ್ಲೂಕಿನಲ್ಲೇ ಇಲ್ಲ. ಆಯುಧಪೂಜೆಯ ದಿನ ಪುರಸಭೆಯವರು ಕಸದ ಟ್ರ್ಯಾಕ್ಟರಿನ ಜೊತೆಗೆ ಇದಕ್ಕೂ ಬಾಳೆಕಂದು ಕಟ್ಟಿ, ಕುಂಕುಮ ಬಳಿದು, ಚಕ್ರದ ಚೈನಿನ ಕೆಳಗೆ ನಿಂಬೆಹಣ್ಣು ಇಟ್ಟರು. ಟ್ರ್ಯಾಕ್ಟರು ಮುಂದೆ ಚಲಿಸಿ ತನ್ನ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿತು. ಟ್ಯಾಂಕಿಗೆ ಎಂಜಿನ್ನೇ ಇಲ್ಲ. ಎಲ್ಲರೂ ಒಂದು ಗಳಿಗೆ ಕಾದರು, ಏನಾದರೂ ಆಗಬಹುದು ಎಂಬಂತೆ. ಆಮೇಲೆ ಯಾರೋ ನಿಂಬೆಹಣ್ಣು ಎತ್ತಿಕೊಂಡು ಹೋಗಿ ಶರಬತ್ತು ಮಾಡಿ ಕುಡಿದರು. ಅಪ್ಪ ಅದನ್ನು ಜಗಲಿಯಿಂದ ನೋಡಿದರು.

ಮಳೆಗಾಲದಲ್ಲಿ ಡೆಂಗಿ ಬಂತು. ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು ಮನೆಮನೆಯ ತೊಟ್ಟಿ, ಡ್ರಮ್ಮು, ತೆಂಗಿನ ಚಿಪ್ಪು ನೋಡುತ್ತ ಬಂದು, ಕೊನೆಗೆ ಟ್ಯಾಂಕಿನ ಕಿಂಡಿಗೆ ಟಾರ್ಚ್ ಬಿಟ್ಟರು. ಒಳಗೆ ಮಳೆನೀರು ನಿಂತು ಸೊಳ್ಳೆಮರಿಗಳು ಥಕಥೈ ಕುಣಿಯುತ್ತಿದ್ದವು. ಶತ್ರುವಿಗೆ ಜಗ್ಗದ ಉಕ್ಕು ಸೊಳ್ಳೆಗೆ ಬಾಣಂತನ ಮಾಡುತ್ತಿತ್ತು.

ಅಮ್ಮ ಇಂಥ ಒಂದು ದಿನಕ್ಕೇ ಕಾದಿದ್ದಳು. ಹಿತ್ತಿಲಿನಿಂದ ಹೊರಟು ನೇರ ಕೌನ್ಸಿಲರ್ ಆಫೀಸಿಗೆ ಹೋಗಿ, "ಮೂತಿನಾದ್ರೂ ತಿರುಗ್ಸಿ, ಇಲ್ಲಾ ಟ್ಯಾಂಕನ್ನೇ ಎತ್ತಾಕ್ಸಿ" ಎಂದಳು. ಕೌನ್ಸಿಲರ್ ಅವರಿಗೂ ಸಾಕಾಗಿತ್ತು. ಗುರುವಾರ ಬೆಸೆದ ಮುಚ್ಚಳ ಕತ್ತರಿಸಿ ನೀರು ತೆಗೆಸುವುದು, ಆಮೇಲೆ ಟ್ಯಾಂಕನ್ನು ಊರಾಚೆ ಕಸ ಸುರಿಯುವ ಜಾಗದ ಹಿಂದೆ ಸಾಗಿಸುವುದು ಎಂದು ತೀರ್ಮಾನವಾಯಿತು. ಕಸದ ಜಾಗದ ಹಿಂದಿಟ್ಟ ಕಬ್ಬಿಣ ಎಷ್ಟು ದಿನ ಕಬ್ಬಿಣವಾಗಿ ಉಳಿಯುತ್ತದೆ ಎಂದು ನಮ್ಮೂರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ.

ಅವತ್ತು ಸಂಜೆ ಅಪ್ಪ ಊಟ ಬೇಡ ಎಂದರು. ನನಗೆ ರೇಗಿತು. "ಆ ಡಬ್ಬಕ್ಕೋಸ್ಕರ ಅಮ್ಮನ ಜೊತೆ ಯಾಕಪ್ಪ ಹಠ?" ಎಂದೆ.

ಅಪ್ಪ ತುಂಬ ಹೊತ್ತು ಮೊಣಕಾಲು ಉಜ್ಜಿಕೊಂಡರು. "ಗುಜರಿ, ಸರ್ಕಲ್ಲು ಅಂತ ಹೇಳ್ತಿದ್ನಲ್ಲ, ಇನ್ನೊಂದು ಹೇಳಿರ್ಲಿಲ್ಲ ಕಣಮ್ಮ. ಕೆಲವನ್ನ ಫೈರಿಂಗ್ ರೇಂಜಿಗೆ ತೊಗೊಂಡ್ಹೋಗ್ತಾರೆ. ನಡುಮಧ್ಯ ನಿಲ್ಸಿ, ಹೊಸ ಟ್ಯಾಂಕ್ನೋರು ಗುರಿ ಕಲಿಯಕ್ಕೆ ಅದಕ್ಕೇ ಹೊಡೀತಾರೆ. ನಾನು ಓಡಿಸ್ತಿದ್ದಿದ್ದನ್ನ ನಾನೇ ತೊಗೊಂಡ್ಹೋಗಿ ನಿಲ್ಸಿದ್ದು. ಸ್ಟಾರ್ಟಿಂಗ್ ತೊಂದ್ರೆ ಕೊಡೋ ಗಾಡಿ ಅದು, ಅವತ್ತು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ನಿಲ್ಸಿ, ಇಳ್ದು, ಹಿಂದೆ ನೋಡ್ದಂಗೆ ಬಂದ್ಬಿಟ್ಟೆ. ಮಧ್ಯಾಹ್ನ ಸದ್ದು ಕೇಳಿಸ್ತು."

ಕಬ್ಬಿಣಕ್ಕೆ ಅಳುವ ಜಾತಿ ನನ್ನದಲ್ಲ, ಆದರೂ ಅಪ್ಪನ ಮುಖ ನೋಡಿ ಪಕ್ಕದಲ್ಲಿ ಕೂತೆ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಕುಕ್ಕುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

"ಈ ಸರ್ಕಲ್ ಟ್ಯಾಂಕೊಳಗೆ ಒಂದು ಹಿಡಿ ಐತೆ," ಎಂದರು ಅಪ್ಪ. "ಕರೆಂಟು ಇಲ್ದೇನೇ ಕೈಯಲ್ಲಿ ತಿರುವಿದ್ರೆ ಟ್ಯಾಂಕಿನ ತಲೆ ತಿರುಗ್ತದೆ. ಗುರುವಾರ ಮುಚ್ಚಳ ತೆಗೀತಾರಲ್ಲ, ಇಳ್ದು ನೋಡ್ತೀನಿ. ಮೂತಿ ಬಸ್‌ಸ್ಟ್ಯಾಂಡ್ ಕಡೆ ಮಾಡ್ಬಿಟ್ರೆ ನಿಮ್ಮಮ್ಮಂದು ಏನೂ ತಕರಾರಿರಲ್ಲ, ಇದೂ ಉಳ್ಕೋತದೆ."

ಗುರುವಾರ ನಾನು ರಜೆ ಹಾಕಿದೆ. ವೆಲ್ಡಿಂಗಿನವನ ಕೈಯಲ್ಲಿ ಕಿಡಿ ಹಾರಿಸಿಕೊಂಡು ಮುಚ್ಚಳ ಬಿಚ್ಚಿಕೊಂಡಿತು, ಮೋಟಾರ್ ಇಟ್ಟು ನೀರು ಹೊರಗೆ ಹಾಕಿದರು. ಸರ್ಕಲ್ಲಿನ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ಇಬ್ಬರು ಅಪ್ಪನನ್ನು ಮೇಲಕ್ಕೆ ಹತ್ತಿಸಿದರು. ದೇವಸ್ಥಾನದ ಮೆಟ್ಟಿಲು ಹತ್ತಲು ನನ್ನ ತೋಳು ಬೇಕಾಗುವ ಮನುಷ್ಯ, ಆ ರಂಧ್ರದೊಳಗೆ ಮಾತ್ರ ಮೀನಿನ ಹಾಗೆ ಜಾರಿ ಇಳಿದರು.

ಒಳಗಿನಿಂದ ಬಡಿದ ಸದ್ದು ಬಂತು. ಕೀರಲು ಸದ್ದು ಬಂತು. ತೋಪು ಅಲ್ಲಾಡಲಿಲ್ಲ. ಆಮೇಲೆ ಸದ್ದೇ ನಿಂತುಹೋಯಿತು.

"ಮಿಲ್ಟ್ರಿ ಅಪ್ಪಾ, ಆಯ್ತಾ?" ಎಂದು ಕೌನ್ಸಿಲರ್ ಕೂಗಿದರು. ವೆಲ್ಡಿಂಗಿನವನು ಮೇಲಿನಿಂದ ಬಗ್ಗಿ ನೋಡಿ ನನಗೆ ಹೇಳಿದ, "ಅಕ್ಕಾ, ಮುಂದಕ್ಕೆ ನುಸುಳ್ಕೊಂಡು ಡ್ರೈವರ್ ಸೀಟಲ್ಲಿ ಕೂತವ್ರೆ. ಕರೆದ್ರೆ ತಿರುಗೂ ನೋಡ್ತಿಲ್ಲ." ನಾನು ಕರೆದೆ. ಟ್ಯಾಂಕಿನ ಮೈಗೆ ಬಡಿದೆ. ಜನ ಮೊದಲು ನಕ್ಕರು, ಆಮೇಲೆ ಗುಸುಗುಸು ಶುರುವಾಯಿತು.

ಆಗ ಹಿಂದೆ ಕಿರ್ರೆಂದು ಅಗುಳಿ ಸರಿದ ಸದ್ದು ಕೇಳಿಸಿತು. ನಮ್ಮ ಮನೆಯ ಮುಂಬಾಗಿಲು ತೆರೆಯಿತು.

ಅಮ್ಮ ಕಾಫಿ ಲೋಟ ಹಿಡಿದು ಹೊಸ್ತಿಲು ದಾಟಿದಳು. ತೋಪಿನ ನೇರಕ್ಕೇ ನಡೆದು ಬಂದಳು, ಪಕ್ಕಕ್ಕೆ ಒಂದು ಹೆಜ್ಜೆ ಸರಿಯಲಿಲ್ಲ. ಜನ ದಾರಿ ಬಿಟ್ಟರು. ಟ್ಯಾಂಕಿನ ಮುಂಭಾಗದಲ್ಲಿ ಡ್ರೈವರಿಗೆ ದಾರಿ ಕಾಣಲೆಂದು ಇದ್ದ ಗಾಜು ಕಿತ್ತು ಎರಡು ತೂತು ಉಳಿದಿದ್ದವು. ಅಮ್ಮ ಕಟ್ಟೆ ಹತ್ತಿ ಅದಕ್ಕೆ ಬಾಯಿಟ್ಟಳು.

"ಏನ್ರೀ, ಒಳಗೇ ಸಂಸಾರ ಹೂಡ್ತೀರಾ?"

ಒಳಗಿನಿಂದ ಅಪ್ಪನ ದನಿ ಬಂತು. "ತಿರುಗಲ್ಲ ಕಣೇ. ಸುತ್ತಾ ವೆಲ್ಡಿಂಗ್ ಮಾಡ್ಬಿಟ್ಟವ್ರೆ."

"ತಿರುಗ್ದಿದ್ರೆ ಬಿಡಿ."

"ನಾಳೆ ತೊಗೊಂಡ್ಹೋಗ್ತಾರಲ್ಲೇ."

ಅಮ್ಮ ಲೋಟವನ್ನು ಟ್ಯಾಂಕಿನ ಮೇಲಿಟ್ಟು, ಎರಡೂ ಕೈಯನ್ನು ಉಕ್ಕಿಗೆ ಊರಿ ಇನ್ನಷ್ಟು ಬಗ್ಗಿದಳು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು: "ಒಂದನ್ನ ಬಿಟ್ಟು ಬಂದು ಇಷ್ಟು ವರ್ಷ ಸಂಕಟ ಪಟ್ಟಿದ್ದು ಸಾಕು. ಇದು ಎಲ್ಲೂ ಹೋಗಲ್ಲ, ಇಲ್ಲೇ ಇರ್ತದೆ. ಈಗ ಇಳ್ದು ಬನ್ನಿ, ಕಾಫಿ ಆರೋಗ್ತದೆ."

ಅಪ್ಪ ಹೊರಗೆ ಬಂದಾಗ ಮೈಯೆಲ್ಲ ತುಕ್ಕು, ಕಣ್ಣೆರಡೂ ಕೆಂಪು. ಸೊಳ್ಳೆ ಕಚ್ಚಿದ್ದು ಎಂದರು. ಕಾಫಿ ಆರಿತ್ತು, ಆದರೂ ಕುಡಿದರು.

ನಾಳೆ ಕ್ರೇನು ಎಷ್ಟು ಹೊತ್ತಿಗೆ ತರಿಸಲಿ ಎಂದು ಕೌನ್ಸಿಲರ್ ಕೇಳಿದ್ದಕ್ಕೆ ಅಮ್ಮ, "ನಮ್ಮನೆ ಬಾಗಿಲು ನೋಡ್ಕೊಂಡು ನಿಂತೈತೆ, ನಮ್ಮದು. ನೀವ್ಯಾರಪ್ಪ ಎತ್ತಕ್ಕೆ?" ಎಂದಳು. ಇಷ್ಟು ದಿನ ಎತ್ತಿಸಿ ಎಂದು ಜೀವ ತಿಂದವಳು ಇವಳೇನಾ ಎಂದು ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ನೀರು ನಿಲ್ಲದ ಹಾಗೆ ತಳದಲ್ಲಿ ತೂತು ಕೊರೆಸಿ ಮುಚ್ಚಳ ಮತ್ತೆ ಬೆಸೆದರು. ಅಮ್ಮ ನಮ್ಮ ಬಾಗಿಲ ಮೇಲಿದ್ದ ಬೂದುಗುಂಬಳ ಬಿಚ್ಚಿಸಿ ತೋಪಿನ ಮೂತಿಗೆ ಕಟ್ಟಿಸಿದಳು. ಅಷ್ಟು ಜನ ನೋಡಿದ್ದಾರೆ, ದೃಷ್ಟಿ ಅದಕ್ಕೂ ಆಗಿರುತ್ತದೆ ಎಂಬುದು ಅವಳ ವಾದ. ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆಂದು ಮಹಡಿ ಇಳಿದಾಗ ಮುಂಬಾಗಿಲು ತೆರೆದಿತ್ತು, ಅಮ್ಮ ಮುಂದಿನ ಅಂಗಳದಲ್ಲಿ ಕೂತು ರಂಗೋಲಿ ಇಡುತ್ತಿದ್ದಳು.