ತುಳಸಿ ಕುಂಡದ ಕರಿ ಗಂಟು

ಹಾರೂಗೇರಿಯ ಲಕ್ಕವ್ವ ಯಾರಿಗೂ ಸೊಪ್ಪು ಹಾಕಿದವಳಲ್ಲ. ಕಬ್ಬಿನ ಹೊಲದಲ್ಲಿ ಹಾವು ಕಂಡರೆ ಗಂಡಸರು ಕೋಲು ಹುಡುಕುವಷ್ಟರಲ್ಲಿ ಇವಳ ಕುಡುಗೋಲು ಕೆಲಸ ಮುಗಿಸಿರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಭಾವಂದಿರು ಹೊಲ ನುಂಗಲು ಬಂದಾಗ ಬದುವಿನ ಮೇಲೆ ನಿಂತು, ಅವರ ಮನೆತನವನ್ನೆಲ್ಲ ಜಾಲಾಡಿ ಕಳಿಸಿದ್ದಳು. ಇಂಥ ಗಟ್ಟಿಗಿತ್ತಿ ಎರಡು ವರ್ಷದಿಂದ ಹೆಬ್ಬೆರಳ ಗಾತ್ರದ ಒಂದು ಗಾಜಿನ ಬಾಟಲಿಗೆ ಹೆದರಿ ಹೆದರಿ ಬದುಕುತ್ತಿದ್ದಳು.

ಆ ಬಾಟಲಿಯಲ್ಲಿದ್ದದ್ದು ಇನ್ಸುಲಿನ್. ಒಬ್ಬಳೇ ಮಗಳು ಸುಂದರಾ ಹದಿನೈದನೆಯ ವಯಸ್ಸಿಗೆ ಕಡ್ಡಿಯಂತೆ ಒಣಗಿ, ಒಂದು ದಿನ ಎಚ್ಚರ ತಪ್ಪಿ ಬಿದ್ದಾಗ ಮೀರಜದ ಡಾಕ್ಟರು ಸಕ್ಕರೆ ರೋಗವೆಂದರು. ಮುಂಜಾನೆ ಒಂದು ಸೂಜಿ, ಸಂಜೆ ಒಂದು ಸೂಜಿ, ಬದುಕಿರುವ ತನಕ. "ಇದನ್ನ ಬಿಸಿಲಿಗೆ, ಬೆಳಕಿಗೆ ಇಡಬ್ಯಾಡ, ಕೆಟ್ಟು ಹೋಗತೈತಿ. ಒಂದು ಹೊತ್ತು ಸೈತ ತಪ್ಪಿಸಬ್ಯಾಡ. ಮತ್ತ ಬ್ಯಾರೇದವ್ರ ಕೈಗೆ ಕೊಡಬ್ಯಾಡ. ರೋಗ ಇಲ್ಲದವ್ರು ಚುಚ್ಚಿಕೊಂಡ್ರ ಜೀವಾನ ಹೋಗತೈತಿ," ಎಂದಿದ್ದರು. ಲಕ್ಕವ್ವನ ಮನೆಯಲ್ಲಿ ಫ್ರಿಜ್ಜೆಲ್ಲಿಂದ ಬರಬೇಕು? ನೀರಿನ ಗಡಿಗೆಯ ಬುಡದ ಹಸಿ ಉಸುಕಿನಲ್ಲಿ ಬಾಟಲಿ ಹುಗಿದಿಟ್ಟು ಕಾಯ್ದಳು.

ಮಗಳು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನ ಅವಳು ವಿಠೋಬನಿಗೆ ಹರಕೆ ಹೊತ್ತಿದ್ದಳು. ತಲೆಯ ಮೇಲೆ ತುಳಸಿ ಹೊತ್ತು, ಮಗಳನ್ನು ಕರೆದುಕೊಂಡು ಪಂಢರಪುರಕ್ಕೆ ನಡೆದು ಬರುತ್ತೇನೆ ಎಂದು. ೧೯೮೯ರ ಆಷಾಢಕ್ಕೆ, ಭಜನೆ ಮಾಡುತ್ತ ಪಂಢರಪುರಕ್ಕೆ ನಡೆದು ಹೋಗುವ ಊರ ಭಕ್ತರ ದಿಂಡಿಯ ಜೊತೆ ತಾಯಿ ಮಗಳು ಹೊರಟೇಬಿಟ್ಟರು. ಹಗಲೆಲ್ಲ ನಡಿಗೆ, ರಾತ್ರಿ ಬಯಲಲ್ಲಿ ಡೇರೆ. ಸಾಮಾನು ಹೇರಿದ ಟ್ರಕ್ಕು ಮಧ್ಯಾಹ್ನಕ್ಕೆ ಬಾಣಲೆಯಾಗುತ್ತದೆ, ಬಾಟಲಿ ಎಲ್ಲಿಡುವುದು? ಯೋಚಿಸಿ ಯೋಚಿಸಿ ಅವಳ ಕಣ್ಣು ತುಳಸಿಯ ಮಣ್ಣಿನ ಕುಂಡದ ಮೇಲೆ ಬಿತ್ತು. ಸದಾ ನೀರುಂಡು ತಣ್ಣಗಿರುವ ಮಣ್ಣು. ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೆಳಕು ತಾಗದಂತೆ ಕರಿ ಅರಿವೆಯಲ್ಲಿ ಕಟ್ಟಿ, ದಾರ ಬಿಗಿದು, ತುಳಸಿಯ ಬುಡದಲ್ಲಿ ಹುಗಿದಳು. ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡಳು, ಪಾಪ.

ಇದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸುಂದರಾಳ ರೋಗ ಊರಿಗೆ ತಿಳಿದರೆ ಅವಳ ಕೊರಳಿಗೆ ತಾಳಿ ಕಟ್ಟುವವರು ಯಾರು? ಅದೇ ದಿಂಡಿಯಲ್ಲಿ ಅಕ್ಕವ್ವನೂ ಇದ್ದಳು. ಉತ್ತಮನೆಂಬ ಅವಳ ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಅವನಿಗೆ ಸುಂದರಾಳನ್ನು ತರುವ ಮಾತು ಅರ್ಧ ಆಗಿತ್ತು. ಅದಕ್ಕೇ ತಾಯಿ ಮಗಳು ಹೊರಕಡೆಗೆ ಹೋಗುವ ನೆಪದಲ್ಲಿ ಕಬ್ಬಿನ ಮರೆಗೆ ಹೋಗಿ ಸೂಜಿ ಮುಗಿಸಿ ಬರುತ್ತಿದ್ದರು. ಸುಂದರಾ ಪ್ರತಿ ಸಲವೂ ಕಣ್ಣು ಮುಚ್ಚಿ ಅವ್ವನ ಕಡೆ ತೋಳು ಚಾಚುತ್ತಿದ್ದಳು.

ಎರಡನೆಯ ದಿನ ಅಕ್ಕವ್ವ ಹತ್ತಿರ ಬಂದಳು. "ಲಕ್ಕವ್ವಾ, ತುಳಸಿ ನನಗಷ್ಟು ಕೊಡ. ನಾಕ ಹೆಜ್ಜಿ ಹೊರ್ತೇನಿ, ನನಗೂ ಪುಣ್ಯ ಬರ್ಲಿ."

ತುಳಸಿ ಕೊಡುವುದಿಲ್ಲ ಎಂದು ದಿಂಡಿಯಲ್ಲಿ ಯಾರೂ ಹೇಳುವುದಿಲ್ಲ, ಅದೂ ಬೀಗಿತ್ತಿಯಾಗುವವಳಿಗೆ. ಲಕ್ಕವ್ವ ಕೊಟ್ಟಳು. ಅಕ್ಕವ್ವನ ತಲೆಯಿಂದ ಕುಂಡ ಇನ್ನೊಬ್ಬಳ ತಲೆಗೆ, ಅಲ್ಲಿಂದ ಮತ್ತೊಬ್ಬಳ ತಲೆಗೆ ಹೋಯಿತು. ನಿಂತಲ್ಲೆಲ್ಲ ಹೆಂಗಸರು ಭಕ್ತಿಯಿಂದ ತಂಬಿಗೆಗಟ್ಟಲೆ ನೀರು ಹೊಯ್ದರು. ನೀರಡಿಕೆಯಾಗಿ ಹಿಂದೆ ಬಿದ್ದ ಮಗಳ ಜೊತೆ ಲಕ್ಕವ್ವ ಸ್ವಲ್ಪ ನಿಂತಳು. ಮುಂದೆ ನೋಡಿದರೆ ಕುಂಡ ಕಾಣಲಿಲ್ಲ. ಮಗಳ ಕೈ ಹಿಡಿದು ಬಿರಬಿರನೆ ಹೆಜ್ಜೆ ಹಾಕಿದಳು. ಮೀರಜ ಬಿಟ್ಟು ಸುತ್ತ ಎಲ್ಲೂ ಸಿಗದ ಔಷಧಿ, ಇದ್ದದ್ದು ಒಂದೇ ಬಾಟಲಿ.

ಸಂಜೆ ಉಗಾರದ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಡೇರೆ ಹೊಡೆಯುವ ಜಾಗಕ್ಕೆ ಬಂದರೆ ಜನ ಗುಂಪುಗೂಡಿ ನಿಂತಿತ್ತು. ನೀರು ಹೊಯ್ದು ಹೊಯ್ದು ಕುಂಡದ ಮಣ್ಣು ಕೊಚ್ಚಿಹೋಗಿ ಕರಿ ಗಂಟು ಮೇಲೆ ಬಂದಿತ್ತು. ತುಳಸಿಯ ಬುಡದಲ್ಲಿ ಕರಿ ಅರಿವೆ, ಮೇಲೆ ದಾರ!

"ಮಾಟ ಐತಿ ಇದು! ಯಾರೂ ಮುಟ್ಟಬ್ಯಾಡ್ರಿ," ಎಂದು ದಿಂಡಿಯ ಹಿರಿಯ ಜ್ಞಾನದೇವ ಕೂಗುತ್ತಿದ್ದ. ಆಗಲೇ ಗಂಟನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡಿದ್ದ. "ಹೊಳಿಗೆ ಒಗೀತೇನಿ, ಸರೀರಿ."

ಹೊಳೆ ಹೊಸ ನೀರಿನಿಂದ ಕೆಂಪಾಗಿ ಹರಿಯುತ್ತಿತ್ತು. ಲಕ್ಕವ್ವ ಎದ್ದೆನೋ ಬಿದ್ದೆನೋ ಎಂದು ಓಡಿ ಹೋಗಿ ಆ ಕೋಲಿಗೇ ಜೋತುಬಿದ್ದಳು. "ಒಗೀಬ್ಯಾಡ್ರಿ ಅಣ್ಣಾ! ಮಾಟ ಅಲ್ರಿ, ಚುಚ್ಚಿಕೊಳ್ಳೂ ಔಷಧ ಐತ್ರಿ!"

"ಯಾರದು?" ಎಂದ ಜ್ಞಾನದೇವ.

ಲಕ್ಕವ್ವ ಅಕ್ಕವ್ವನ ಮುಖ ನೋಡಿದಳು. ಬಾಯಿ ತಾನಾಗಿ ಸುಳ್ಳು ಹೇಳಿತು. "ನಂದ್ರಿ."

"ನಿಂದಾದ್ರ ನಮ್ಮ ಮುಂದ ಚುಚ್ಚಿಕೋ, ನೋಡೂನು. ಇಲ್ಲಂದ್ರ ಇದು ಹೊಳಿಗೆ ಹೋಗೂದ."

ಲಕ್ಕವ್ವ ಕೋಲಿನ ತುದಿಯ ಗಂಟು ಬಿಡಿಸಿ ಬಾಟಲಿ ಹೊರತೆಗೆದಳು, ಕೈಚೀಲದಿಂದ ಸೂಜಿಯ ಡಬ್ಬಿ ತೆಗೆದಳು. ಕುದಿಸಿಟ್ಟ ಗಾಜಿನ ಸಿರಿಂಜು ಜೋಡಿಸಿದಳು. ಡಾಕ್ಟರ ಮಾತು ಕಿವಿಯಲ್ಲಿತ್ತು. ಮಗಳಿಗೆ ಏರಿಸುವ ಗೆರೆಯ ತನಕ ಏರಿಸಿದಳು, ಕಡಿಮೆ ಏರಿಸಿದರೆ ಯಾರಿಗೆ ತಿಳಿಯುತ್ತಿತ್ತು? ಅಷ್ಟು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನಾನು ಸತ್ತರೂ ಬಾಟಲಿ ಉಳಿಯುತ್ತದೆ, ಮದುವೆಯೂ ಉಳಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ತೋಳಿನ ಸೆರಗು ಸರಿಸಿ ಸೂಜಿ ಚರ್ಮಕ್ಕೆ ತಾಗಿಸಿದಳು.

ಹಿಂದಿನಿಂದ ಬಂದ ಕೈ ಅವಳ ಮುಂಗೈ ಹಿಡಿಯಿತು.

"ಅವ್ವಾ, ಕೊಡ ಇಲ್ಲಿ. ನನ್ನ ಹೊತ್ತ ಆಗೇತಿ," ಎಂದಳು ಸುಂದರಾ.

ಸಿರಿಂಜು ಇಸಿದುಕೊಂಡು, ಸೂಜಿಯನ್ನು ಸ್ಪಿರಿಟ್ಟಿನ ಅರಳೆಯಿಂದ ಒರೆಸಿ, ಎಲ್ಲರೂ ನೋಡುತ್ತಿದ್ದಂತೆ ತನ್ನ ತೋಳಿಗೆ ತಾನೇ ಚುಚ್ಚಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ. "ನನಗ ಸಕ್ಕರಿ ರೋಗ ಐತ್ರಿ ಅಣ್ಣಾ. ಎರಡ ವರ್ಸ ಆತು," ಎಂದಳು. ಜ್ಞಾನದೇವ ಕೋಲು ಕೆಳಗಿಟ್ಟ. ಅಕ್ಕವ್ವ ತನ್ನ ಚೀಲ ಎತ್ತಿಕೊಂಡು ದೂರದ ಡೇರೆಗೆ ಹೋದಳು. ಅಲ್ಲಿಗೆ ಮದುವೆಯ ಮಾತು ಮುಗಿಯಿತು.

ಆದರೆ ಲಕ್ಕವ್ವನ ಹೆದರಿಕೆ ಮುಗಿಯಲಿಲ್ಲ. ಗಂಟು ಎಷ್ಟು ಹೊತ್ತು ಬಿಸಿಲಲ್ಲಿತ್ತೋ, ಔಷಧಿ ಕೆಟ್ಟಿದೆಯೋ ಏನೋ! ನೋಡಿದರೆ ಬಾಟಲಿ ನಿನ್ನೆಯಂತೆಯೇ ಇತ್ತು, ಕೆಟ್ಟಿದ್ದರೂ ಅವಳ ಕಣ್ಣಿಗೆ ತಿಳಿಯುವಂತಿರಲಿಲ್ಲ. ರಾತ್ರಿಯೆಲ್ಲ ಮಲಗಿದ ಮಗಳ ಮೂಗಿನ ಹತ್ತಿರ ಕೈ ಹಿಡಿದು ಹಿಡಿದು ನೋಡಿದಳು. ಬೆಳಕು ಹರಿದಾಗ ಸುಂದರಾ ಎದ್ದು ಹಸಿವು ಎಂದಾಗಲೇ ಅವಳಿಗೆ ಅಳು ಬಂತು.

ದಿಂಡಿ ಮಂಗಸೂಳಿಯ ದಾರಿ ಹಿಡಿಯಿತು. ತುಳಸಿ ಹೊರಲು ಅಂದು ಯಾರೂ ಸರದಿ ಕೇಳಲಿಲ್ಲ. ಲಕ್ಕವ್ವ ಕರಿ ಗಂಟನ್ನು ಮತ್ತೆ ತುಳಸಿಯ ಬುಡದಲ್ಲಿ ಹುಗಿದು, ಬಗ್ಗಿ ಕುಂಡಕ್ಕೆ ಕೈ ಹಾಕಿದಳು.

"ಬಿಡಬೇ, ನನ್ನ ಔಷಧ ನಾನ ಹೊರ್ತೇನಿ," ಎಂದು ಸುಂದರಾ ಅದನ್ನು ತನ್ನ ತಲೆಗೇರಿಸಿಕೊಂಡಳು.

ಲಕ್ಕವ್ವ ತಂಬಿಗೆಯಲ್ಲಿ ನೀರು ಹಿಡಿದುಕೊಂಡು, ಕುಂಡದ ಮೇಲಿನ ಕಣ್ಣು ಕೀಳದೆ, ಪಂಢರಪುರದ ತನಕ ಅವಳ ಹಿಂದೆಯೇ ನಡೆದಳು.