ಟಾಮಿಯ ಕಜ್ಜಿಗೆ ಅಜ್ಜಿಯ ಎಣ್ಣೆ

ಇವತ್ತು ಪಕ್ಕದ ಮನೆಯವರು ತಲೆಗೂದಲಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಬೇವಿನ ಸೊಪ್ಪು ಕಾಯಿಸುತ್ತಿದ್ದರು. ಆ ಕಹಿ ವಾಸನೆಗೆ ಶಂಕರಪುರದ ನಮ್ಮ ಹಳೇ ಮನೆ, ನಮ್ಮ ನಾಯಿ ಟಾಮಿ ನೆನಪಾದವು.

ಟಾಮಿಗೆ ಕಜ್ಜಿ ಹತ್ತಿತ್ತು. ಬೆಳಗಿನಿಂದ ಸಂಜೆವರೆಗೂ ಕೆರೆದುಕೊಳ್ಳುವುದೇ ಕೆಲಸ. ಅದರ ಕಾಲು ಜಗುಲಿಯ ಗಾರೆ ನೆಲಕ್ಕೆ ದಬದಬ ಬಡಿಯುವ ಸದ್ದಿಗೆ ನನಗೆ ಓದಲೂ ಆಗುತ್ತಿರಲಿಲ್ಲ, ಊಟವೂ ಸೇರುತ್ತಿರಲಿಲ್ಲ. ಡಾಕ್ಟರು ಕೊಟ್ಟ ಮುಲಾಮಿಗೂ ಅದು ಬಗ್ಗಲಿಲ್ಲ.

“ಮಕ್ಕಳಿಗೂ ಅಂಟ್ಕೊಳ್ಳತ್ತೆ. ಭಾನುವಾರ ಎಲ್ಲಾದ್ರೂ ಬಿಟ್ಬರ್ತೀನಿ,” ಎಂದರು ಅಪ್ಪ.

“ಸುಮ್ನಿರೋ! ಪಾಪ, ಅದಕ್ಕೇನು ಹೇಳ್ಕೊಳ್ಳೋಕೆ ಬಾಯಿದ್ಯಾ?” ಎಂದು ಅಜ್ಜಿ ಗದರಿದರು. ನಾಯಿ ಸೋಕಿದರೆ ಮತ್ತೆ ಸ್ನಾನ ಮಾಡುವವರು ಅವರು. ಅಂಥವರು ಬೇವಿನೆಣ್ಣೆ ಕಾಯಿಸಿ, ಆರಿಸಿ, ತಮ್ಮ ಕೈಯಾರೆ ಟಾಮಿಯ ಮೈಗೆ ಸವರಿದರು. ದಿನವೂ ಸವರಿದರು, ದಿನವೂ ಎರಡನೇ ಸಲ ಸ್ನಾನ ಮಾಡಿದರು. ಭಾನುವಾರ ಅಪ್ಪ ಆ ಮಾತೇ ಎತ್ತಲಿಲ್ಲ.

ಒಂದು ಮಧ್ಯಾಹ್ನ ಸದ್ದು ನಿಂತುಹೋಯಿತು. ಟಾಮಿಗೇನಾಯಿತೋ ಎಂದು ಜಗುಲಿಗೆ ಓಡಿದೆ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಟಾಮಿ ಗೊರಕೆ ಹೊಡೆಯುತ್ತಿತ್ತು.

“ಎಬ್ಬಿಸ್ಬೇಡ ಕಣೋ, ಈಗ ನಿದ್ದೆ ಹತ್ತಿದೆ,” ಎಂದು ಅಜ್ಜಿ ಪಿಸುಗುಟ್ಟಿದರು.

ಈಗ ನನ್ನ ಮನೆಯಲ್ಲೂ ಒಂದು ನಾಯಿಯಿದೆ. ಅದು ತುಂಬಾ ಹೊತ್ತು ಸದ್ದಿಲ್ಲದೆ ಮಲಗಿದ್ದರೆ, ಮಾಡುತ್ತಿದ್ದ ಕೆಲಸ ಬಿಟ್ಟೆದ್ದು, ಉಸಿರಾಡುತ್ತಿದೆಯೇ ಎಂದು ನೋಡಿ ಬರುತ್ತೇನೆ.